ಬಾಯಿಪಾಠದ ಗಂಡ

ಮಾರ್ಚ್ ೪, ಸೋಮವಾರ

ಇನ್ನು ಮೇಲೆ ವೀಸಾದ ವಿಷಯಕ್ಕೆ ಬಾಯಿ ಹಾಕುವುದಿಲ್ಲ ಎಂದು ಮೊಮ್ಮಗಳಿಗೆ ಬೆಳಿಗ್ಗೆ ಮಾತು ಕೊಟ್ಟೆ. ಮಧ್ಯಾಹ್ನದ ಹೊತ್ತಿಗೇ ನಾಲಿಗೆ ತುರಿಸುತ್ತಿದೆ. ಅದಕ್ಕೇ ಈ ಡೈರಿ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಹಂಚಿ ಉಳಿದದ್ದು. ಪ್ರತಿ ಪುಟದ ಕೆಳಗೂ ಒಂದು ಕನ್ನಡಕದ ಚಿತ್ರವಿದೆ. ಬರೆಯುವಾಗ ಯಾರೋ ಕಣ್ಣು ಬಿಟ್ಟುಕೊಂಡು ನೋಡಿದ ಹಾಗಾಗುತ್ತದೆ. ನೋಡಲಿ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ. ಅಕ್ಷರ ದುಂಡಗಿದೆ, ಯಾರ ಹಂಗೂ ಇಲ್ಲ.

ವಿಷಯ ಇಷ್ಟೇ. ಮೊಮ್ಮಗಳಿಗೆ ಮದುವೆಯಾಯಿತು. ಗಂಡ ಹೊರದೇಶದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ರಜೆಯಲ್ಲಿ ಬಂದವನು ರಿಜಿಸ್ಟರ್ ಮದುವೆಯಾಗಿ, ರಜೆ ಮುಗಿದ ಕೂಡಲೇ ಹೊರಟುಹೋದ. ಇವಳೂ ಅಲ್ಲಿಗೆ ಹೋಗಬೇಕಾದರೆ ಹೆಂಡತಿ ಎಂಬ ವೀಸಾ ಬೇಕು. ರಿಜಿಸ್ಟ್ರಾರರ ಮುಂದೆ ಹೆಂಡತಿಯಾದದ್ದು ಸಾಲದು, ಆ ದೇಶದವರೂ ಒಪ್ಪಬೇಕಂತೆ.

ಇವಳ ತಾಯಿ, ಅಂದರೆ ನನ್ನ ಮಗಳು, ಇವಳ ಹಾಲುಹಲ್ಲು ಬೀಳುವ ಮೊದಲೇ ತೀರಿಕೊಂಡಳು. ತಂದೆ ಬೇರೆ ಸಂಸಾರ ಕಟ್ಟಿಕೊಂಡು ಇತ್ತ ತಲೆ ಹಾಕಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಊರವರ ಪ್ಯಾಂಟು ಗಿಡ್ಡ ಮಾಡಿ, ಕೆಟ್ಟ ಜಿಪ್ ಕಿತ್ತು ಹೊಸದು ಹಾಕಿ ಇವಳನ್ನು ಬೆಳೆಸಿದೆ. ಇವಳು ನೋಡಿದರೆ ಪ್ಯಾಂಟು ಗಿಡ್ಡ ಮಾಡಿಸಲು ಬಂದವನನ್ನೇ ಮೆಚ್ಚಿಕೊಂಡಳು. ನಾನು ಟೇಪು ಹಿಡಿದು ಬಗ್ಗಿ ಅವನ ಕಾಲು ಅಳೆಯುತ್ತಿದ್ದರೆ, ಮೇಲೆ ಇಬ್ಬರ ಕಣ್ಣುಗಳೂ ಬೇರೇನೋ ಅಳೆಯುತ್ತಿದ್ದವು. ಆ ಲಿಫ್ಟಿನವನು ನನಗೆ ಅಷ್ಟಕ್ಕಷ್ಟೇ. ಬೆಳಗಿನಿಂದ ಸಂಜೆತನಕ ಮೇಲೆ ಕೆಳಗೆ ಓಡಾಡುವವನು ಒಂದು ಕಡೆ ಕೂತು ಸಂಸಾರ ಮಾಡುತ್ತಾನೆಯೇ?

ಸಂಜೆ ಅವನ ಫೋನ್ ಬಂತು. ಇವಳು ತಾರಸಿಗೆ ಓಡಿದಳು. ಮೇಲಿನಿಂದ ನಗು ಕೇಳುತ್ತಲೇ ಇತ್ತು. ಇಳಿದು ಬಂದಾಗ ಕೇಳಿದೆ.

"ಏನೇ ಅದು ನಗು?"

"ಏನಿಲ್ಲ ಅಜ್ಜಿ."

"ಏನಿಲ್ಲದ್ದಕ್ಕೆ ಅಷ್ಟು ಹೊತ್ತು ನಗ್ತಾರಾ?"

"ಹೂಂ. ಏನಿಲ್ಲದ್ದಕ್ಕೇ ಜಾಸ್ತಿ ನಗು ಬರೋದು."

ಮಾರ್ಚ್ ೧೯, ಮಂಗಳವಾರ

ಅರ್ಜಿ ತುಂಬಿಸಲು ಟೈಪಿಂಗ್ ಅಂಗಡಿಗೆ ಹೋಗಿದ್ದೆವು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿರುವ ಆ ಮನುಷ್ಯ ಎರಡು ಮಾತಿಗೊಮ್ಮೆ "ಲಗತ್ತು" ಎನ್ನುತ್ತಾನೆ. ಅದು ಲಗತ್ತಿಸಿ, ಇದು ಲಗತ್ತಿಸಿ. ಅವನಿಗೆ ಲಗತ್ತಯ್ಯ ಎಂದು ಹೆಸರಿಟ್ಟಿದ್ದೇನೆ.

ಮದುವೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ. ರಿಜಿಸ್ಟರ್ ಕಚೇರಿಯಲ್ಲಿ ತೆಗೆದವು, ಕೆರೆಯ ಹತ್ತಿರದವು, ನಮ್ಮ ಮನೆಯ ಬಾಗಿಲಲ್ಲಿ ನಿಂತದ್ದು.

"ಅಮ್ಮಾ, ಇಷ್ಟೇನಾ ಇರೋದು?"

"ಯಾಕೆ, ಸಾಲದಾ?"

"ಸಾಲುತ್ತೆ. ಆದ್ರೆ ಎಲ್ಲದ್ರಲ್ಲೂ ಮಧ್ಯದಲ್ಲಿ ನೀವೇ ಇದೀರಲ್ಲ. ನೋಡೋರಿಗೆ ಹುಡುಗ ನಿಮ್ಮನ್ನೇ ಮದುವೆಯಾದ ಹಾಗಿದೆ."

ನಾನು ಕುಳ್ಳಿ. ಪಕ್ಕದಲ್ಲಿ ನಿಂತರೆ ಫೋಟೋ ಒಂದು ಕಡೆಗೆ ವಾಲುತ್ತದೆ ಎಂದು ತೆಗೆಯುವವರೇ ನನ್ನನ್ನು ಮಧ್ಯಕ್ಕೆ ನೂಕಿದ್ದು. "ನನಗೆ ಲಿಫ್ಟಿನವನು ಬೇಡ ಕಣಯ್ಯ, ಮೆಟ್ಟಿಲು ಹತ್ತೋ ಶಕ್ತಿ ಇನ್ನೂ ಇದೆ" ಎಂದೆ. ಮೊಮ್ಮಗಳು ಮೇಜು ಹಿಡಿದುಕೊಂಡು ನಕ್ಕಳು. ಲಗತ್ತಯ್ಯನಿಗೆ ನಗು ಬರುವುದಿಲ್ಲವೋ, ನಕ್ಕರೆ ಅದಕ್ಕೂ ದಾಖಲೆ ಬೇಕೋ, ತಿಳಿಯದು.

ಏಪ್ರಿಲ್ ೮, ಸೋಮವಾರ

ಮದುವೆ ನಿಜ ಎಂದು ತೋರಿಸಲು ಗಂಡಹೆಂಡಿರ ಮೆಸೇಜ್‌ಗಳನ್ನೂ ಪ್ರಿಂಟ್ ಹಾಕಿ ಕೊಡಬೇಕಂತೆ. ಇವಳು ಫೋನ್ ಕೊಡಲು ಹಿಂದೆಮುಂದೆ ನೋಡಿದಳು. ಕೊನೆಗೆ ಮುಖ ಆ ಕಡೆ ತಿರುಗಿಸಿಕೊಂಡು ಕೊಟ್ಟಳು. ಲಗತ್ತಯ್ಯ ಗಟ್ಟಿಯಾಗಿ ಓದಿದ.

ಊಟ ಆಯ್ತಾ. ಆಯ್ತು. ನಿಮ್ದು? ಈಗ. ಸರಿ ಮಲ್ಕೊಳ್ಳಿ. ಹೂಂ.

ಪುಟಗಟ್ಟಲೆ ಇದೇ.

"ಅಮ್ಮಾ, ಇದರಲ್ಲಿ ಪ್ರೀತಿ ಎಲ್ಲಿದೆ?"

"ಊಟ ಆಯ್ತಾ ಅಂತ ಕೇಳಿದಾನಲ್ಲ. ನಮ್ಮನೆಯವರು ಇರೋವರೆಗೂ ನನ್ನನ್ನ ಒಂದು ಸಲಾನೂ ಕೇಳಿದೋರಲ್ಲ."

"ಅದು ನಿಮಗೆ ಅರ್ಥ ಆಗುತ್ತೆ. ಅಲ್ಲಿ ಕೂತಿರೋ ಆಫೀಸರಿಗೆ ಆಗಬೇಕಲ್ಲ."

"ಮಿಕ್ಕಿದ್ದೆಲ್ಲ ಬಾಯಲ್ಲೇ ಮಾತಾಡ್ತೀವಿ" ಎಂದಳು ಮೊಮ್ಮಗಳು. ಕಿವಿಯವರೆಗೂ ಕೆಂಪಾಗಿದ್ದಳು.

"ಬಾಯಿಮಾತನ್ನ ಲಗತ್ತಿಸೋಕಾಗಲ್ಲಮ್ಮ."

ಮನೆಗೆ ಬಂದು ಇವಳು ಗಂಡನಿಗೆ ಮೆಸೇಜ್ ಬರೆದಳು. ನಾನು ಮಿಷನ್ ಪಕ್ಕದಿಂದ ಒಂದೆರಡು ಮಾತು ಎತ್ತಿಕೊಟ್ಟೆ. "ನಿಮ್ಮನ್ನು ನೆನೆಯದ ದಿನವಿಲ್ಲ." ಅವನಿಂದ ಉತ್ತರ ಬಂತು. "ಮೈಗೆ ಹುಷಾರಿಲ್ವಾ?" ಆಮೇಲೆ ಇನ್ನೊಂದು. "ಓ, ಇದು ಫೈಲಿಗಾ? ಹಾಗಾದ್ರೆ ಅಳಿಸಿ ಇನ್ನೊಂದ್ಸಲ ಕಳಿಸು, ನಾನೂ ನೀಟಾಗಿ ಬರೀತೀನಿ." ಅಳಿಸಿ ಇನ್ನೊಮ್ಮೆ ಕಳಿಸಿದಳು. ಅವನೂ ನೀಟಾಗಿ ಬರೆದ.

ಮೇ ೧೪, ಮಂಗಳವಾರ

ಇವತ್ತಿಗೆ ಮೂರನೆಯ ಸಲ ಫೋಟೋ ವಾಪಸು ಬಂತು. ಮೊದಲು ಕಿವಿ ಕಾಣುವುದಿಲ್ಲ ಎಂದರು. ಕಿವಿ ತೋರಿಸಿದರೆ ನೆರಳು ಬಿದ್ದಿದೆ ಎಂದರು. ನೆರಳು ತೆಗೆಸಿದರೆ ಈಗ ತುಟಿಯಲ್ಲಿ ನಗುವಿದೆಯಂತೆ. ಗಂಡನ ಹತ್ತಿರ ಹೋಗಲು ಅರ್ಜಿ ಹಾಕುವವಳು ಅಳುತ್ತಾ ಕೂರಬೇಕೇನು?

ಪೊಲೀಸ್ ಸರ್ಟಿಫಿಕೇಟ್ ಆಗಿದೆ. ವೈದ್ಯಕೀಯ ಪರೀಕ್ಷೆಯೂ ಆಗಿದೆ. ಎದೆಯ ಫೋಟೋ ತೆಗೆದರು, ರಕ್ತ ತೆಗೆದರು, ನಾಲಿಗೆ ನೋಡಿದರು. ನನ್ನ ನಾಲಿಗೆ ನೋಡಿದ್ದರೆ ಆ ದೇಶದ ಬಾಗಿಲೇ ಮುಚ್ಚಿಬಿಡುತ್ತಿದ್ದರು ಎಂದು ಮೊಮ್ಮಗಳ ಹಾಸ್ಯ.

ಅರ್ಜಿಯಲ್ಲಿ ಗಂಡ ಎಂದಿಲ್ಲ, "ಪ್ರಾಯೋಜಕ" ಎಂದಿದೆ. ಇವಳು "ಅವಲಂಬಿತೆ". ಸಂಜೆ ಫೋನ್ ಎತ್ತಿದವಳೇ "ಹೇಳಿ ಪ್ರಾಯೋಜಕರೇ" ಎಂದು ತಾರಸಿಗೆ ಓಡಿದಳು. ಅವನೂ ಆ ಕಡೆ ಏನೋ ಅಂದಿರಬೇಕು, ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು ನಗುತ್ತಾ.

ಪಕ್ಕದ ಮನೆಯಾಕೆ ಹರಿದ ದಿಂಬಿನ ಚೀಲ ಹಿಡಿದುಕೊಂಡು ಬಂದವಳು ಇವಳನ್ನು ಕಂಡು "ಅಯ್ಯೋ, ಇನ್ನೂ ಇಲ್ಲೇ ಇದೀಯಾ ತಾಯಿ?" ಎಂದಳು. ಅವಳ ಚೀಲವನ್ನು ಬೇಕೆಂದೇ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೊಟ್ಟೆ.

ಜೂನ್ ೨೧, ಶುಕ್ರವಾರ

ಏನೂ ಇಲ್ಲ. ಕಂಪ್ಯೂಟರಿನಲ್ಲಿ "ಪರಿಶೀಲನೆಯಲ್ಲಿದೆ" ಎಂದೇ ಬರುತ್ತದೆ. ಇವಳು ಬೆಳಿಗ್ಗೆ ಹಲ್ಲುಜ್ಜುವ ಮೊದಲು ಒಂದು ಸಲ ನೋಡುತ್ತಾಳೆ, ಅಂಗಡಿಯಲ್ಲಿ ಊಟಕ್ಕೆ ಬಿಟ್ಟಾಗ ಒಂದು ಸಲ.

ಜುಲೈ ೩೦, ಮಂಗಳವಾರ

ಸಂದರ್ಶನ ಇರುತ್ತದಂತೆ. ಇವಳನ್ನು ಇಲ್ಲಿನ ವೀಸಾ ಕಚೇರಿಗೆ ಕರೆಯುತ್ತಾರೆ, ಅದೇ ಹೊತ್ತಿಗೆ ಅವನಿಗೆ ಅಲ್ಲಿ ಫೋನ್ ಮಾಡುತ್ತಾರೆ. ಇಬ್ಬರಿಗೂ ಅವವೇ ಪ್ರಶ್ನೆ.

ಲಗತ್ತಯ್ಯ ಮೊದಲ ಸಲ ದನಿ ತಗ್ಗಿಸಿ ಮಾತಾಡಿದ. "ಹುಷಾರಾಗಿರಿ ಅಮ್ಮಾ. ಹೋದ ವರ್ಷ ಒಂದು ಜೋಡಿ. ಹಾಸಿಗೆಯಲ್ಲಿ ಯಾರು ಯಾವ ಕಡೆ ಮಲಗ್ತೀರಿ ಅಂದ್ರೆ ಅವನು ಗೋಡೆ ಕಡೆ ನಾನು ಅಂದ, ಅವಳೂ ಗೋಡೆ ಕಡೆ ನಾನು ಅಂದ್ಲು. ಮುಗೀತು. ನಿಜವಾದ ಗಂಡಹೆಂಡ್ತೀನೇ. ಇನ್ನೂ ಇಲ್ಲೊಬ್ರು ಅಲ್ಲೊಬ್ರು ಇದಾರೆ."

ಬಸ್ಸಿನಲ್ಲಿ ಮೊಮ್ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡು "ಅಜ್ಜಿ, ಅವ್ರಿಗೆ ಮರೆವು ಜಾಸ್ತಿ. ಏನೇನೋ ಹೇಳಿಬಿಡ್ತಾರೆ" ಎಂದಳು. ನಾಲ್ಕು ಬೆರಳಿನಿಂದ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದ ಹಾಗೆ.

ಬಾಯಿ ಹಾಕುವುದಿಲ್ಲ ಎಂದ ಮಾತು ಅಲ್ಲೇ ಮುರಿಯಿತು. "ನಾನಿದೀನಿ ಬಿಡು" ಎಂದೆ.

ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುತ್ತಿದ್ದರು. ಅದಕ್ಕೆ ಮುಂಚೆ ಮೇಷ್ಟ್ರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸುವರು. ಇನ್‌ಸ್ಪೆಕ್ಟರು ಯಾರನ್ನು ಎಬ್ಬಿಸಿ ಕೇಳಿದರೂ ಉತ್ತರ ಒಂದೇ, ಒಂದಕ್ಷರ ಆಚೆ ಇಲ್ಲ ಈಚೆ ಇಲ್ಲ. ಅವರು ಮೇಷ್ಟ್ರ ಬೆನ್ನು ತಟ್ಟಿ ಹೋಗುತ್ತಿದ್ದರು. ಒಬ್ಬನೂ ಫೇಲಾಗಲಿಲ್ಲ. ದೇಶ ಯಾವುದಾದರೇನು, ಪರೀಕ್ಷೆ ಮಾಡುವವರೆಲ್ಲ ಒಂದೇ ಜಾತಿ.

ಆಗಸ್ಟ್ ೧೧, ಭಾನುವಾರ

ಇವತ್ತು ಮೊದಲ ಪಾಠ. ಫೋನನ್ನು ಮಿಷನ್ ಮೇಲೆ ನೂಲಿನ ಡಬ್ಬಿಗೆ ಒರಗಿಸಿದೆ. ಅದರೊಳಗೆ ಲಿಫ್ಟಿನವನು, ಈ ಕಡೆ ಸ್ಟೂಲಿನ ಮೇಲೆ ಇವಳು, ನಡುವೆ ನಾನು.

"ಮೊದಲು ಮಾತಾಡಿದ್ದು ಯಾರು?" ಎಂದು ಕೇಳಿದೆ.

"ನಾನು" ಎಂದ ಅವನು.

"ಸುಳ್ಳು! ನಾನು" ಎಂದಳು ಇವಳು. "ಪ್ಯಾಂಟ್ ಯಾವಾಗ ಬೇಕು ಅಂತ ನಾನೇ ಕೇಳಿದ್ದು."

"ಅದಕ್ಕೂ ಮುಂಚೆ ನಾನು ಮಾತಾಡಿದೀನಿ. ನಿಂಗೆ ಗೊತ್ತಿಲ್ಲ ಅಷ್ಟೇ."

"ಯಾವಾಗ? ಎಲ್ಲಿ? ಹೇಳಿ ಮತ್ತೆ."

ಅವನು ಏನೋ ಶುರು ಮಾಡಿದ. ಇವಳು ಕಣ್ಣರಳಿಸಿ ಫೋನಿನ ಹತ್ತಿರಕ್ಕೆ ಬಗ್ಗಿದಳು. ಹೀಗಾದರೆ ಕೆಲಸ ಕೆಟ್ಟಿತು ಎಂದುಕೊಂಡು ನಾನು ಕತ್ತರಿಯಿಂದ ಮಿಷನ್ ಮೇಲೆ ಕುಟ್ಟಿದೆ. "ಕಥೆ ಆಮೇಲೆ. ಉತ್ತರ ಒಂದೇ ಇರಬೇಕು. ಪತ್ನಿ ಮೊದಲು ಮಾತಾಡಿದಳು, ಬಟ್ಟೆ ಯಾವಾಗ ಬೇಕೆಂದು ಕೇಳಿದಳು. ಇಬ್ರೂ ಹೇಳಿ."

ಇಬ್ಬರೂ ಹೇಳಿದರು.

ಇವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಪಾಠ ಹೇಳಿಕೊಡುವವರು ಮುಖ ನೋಡಬಾರದು.

ಸೆಪ್ಟೆಂಬರ್ ೬, ಶುಕ್ರವಾರ

ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಎಡ ಮಂಡಿಯಲ್ಲಿ ಹಳೆಯ ಗಾಯ. ಬೂಟಿನ ಅಳತೆ ಒಂಬತ್ತು. ಹಾಸಿಗೆಯಲ್ಲಿ ಬಾಗಿಲ ಕಡೆಗೆ ಅವನು. ಅವನ ವಿಷಯ ಇಷ್ಟೆಲ್ಲ ನನಗೇ ಬಾಯಿಗೆ ಬಂದುಬಿಟ್ಟಿದೆ. ಲಿಫ್ಟಿನ ಬಾವಿಯಂಥ ಗುಂಡಿಯೊಳಗೆ ಇಳಿದಾಗ ಫೋನ್ ಸಿಗುವುದಿಲ್ಲ, ಮೇಲೆ ಬಂದ ಕೂಡಲೇ ಅವನೇ ಮಾಡುತ್ತಾನೆ. ಹುಡುಗ ಪರವಾಗಿಲ್ಲ. ಕೈಕೆಳಗಿನ ಕೆಲಸದವನಿಗೆ ಬೆರಳು ಜಜ್ಜಿದಾಗ ಇವನೇ ಆಸ್ಪತ್ರೆಯಲ್ಲಿ ಕೂತಿದ್ದನಂತೆ. ನನ್ನ ಹತ್ತಿರ ಹೇಳಿದ.

ಗಂಡಹೆಂಡಿರು ಇಬ್ಬರೇ ಎಲ್ಲಿಗಾದರೂ ಹೋಗಿರಬೇಕು ಎಂದು ಲಗತ್ತಯ್ಯ ಹೇಳಿದ್ದ. ಆ ಉತ್ತರವನ್ನೂ ಸಿದ್ಧಮಾಡಿದೆ. "ಒಂದು ಸಂಜೆ ನಾವಿಬ್ಬರೇ ಕೆರೆಯ ಬಳಿಗೆ ಹೋಗಿ ದಂಡೆಯ ಮೇಲೆ ಕುಳಿತು ಮುಂದಿನ ಬಾಳಿನ ಬಗ್ಗೆ ಮಾತಾಡಿದೆವು." ಕೇಳಲು ಎಷ್ಟು ಚೆನ್ನಾಗಿದೆ.

ಅಕ್ಟೋಬರ್ ೩, ಗುರುವಾರ

ಸಂದರ್ಶನಕ್ಕೆ ದಿನ ಗೊತ್ತಾಗಿತ್ತು. ಮುಂದಕ್ಕೆ ಹೋಯಿತು. ವೈದ್ಯಕೀಯ ಪರೀಕ್ಷೆಯ ಅವಧಿ ಮುಗಿದಿದೆಯಂತೆ. ಇವರು ತಡ ಮಾಡಿದರೆ ನಮ್ಮ ರಕ್ತ ಹಳಸಿಹೋಗುತ್ತದೆಯೇ? ಮತ್ತೆ ಎದೆಯ ಫೋಟೋ, ಮತ್ತೆ ರಕ್ತ. ಅದು ಆಗುವಷ್ಟರಲ್ಲಿ ಪೊಲೀಸ್ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ ಎಂದು ಲಗತ್ತಯ್ಯ ಮೊದಲೇ ಹೇಳಿಬಿಟ್ಟ.

ಇವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ಪ್ರಾಯೋಜಕರಿಗೆ ತಿಳಿಸ್ಬೇಕು" ಎಂದು ಫೋನ್ ತೆಗೆದುಕೊಂಡಳು.

ನವೆಂಬರ್ ೨೪, ಭಾನುವಾರ

ಪಾಠ ಚೆನ್ನಾಗಿ ಸಾಗಿದೆ. ಈಗ ನಾನು ಪ್ರಶ್ನೆ ಮುಗಿಸುವ ಮೊದಲೇ ಇಬ್ಬರ ಬಾಯಲ್ಲೂ ಉತ್ತರ. ಮೊದಮೊದಲು ನಡುವೆ ಕಿಸಿಕಿಸಿ, ಒಬ್ಬರನ್ನೊಬ್ಬರು ಚುಚ್ಚುವುದು, ಅವೆಲ್ಲ ಇತ್ತು. ಈಗ ಪೂರ್ತಿ ನಿಂತಿದೆ. ಪಾಠ ಮುಗಿದ ಕೂಡಲೇ ಇಬ್ಬರೂ "ಸರಿ" ಎಂದು ಫೋನ್ ಇಡುತ್ತಾರೆ, ಹೊತ್ತು ಹಾಳಾಗುವುದಿಲ್ಲ. ಇವಳು ತಾರಸಿ ಹತ್ತುವುದನ್ನೂ ಬಿಟ್ಟಿದ್ದಾಳೆ. ಫೋನನ್ನು ಮಿಷನ್ ಮೇಲೆಯೇ ಬಿಟ್ಟು ಒಳಗೆ ಹೋಗುತ್ತಾಳೆ, ನಾನು ಅವನ ಮೆಸೇಜ್ ಓದಿದರೂ ಏನೂ ಅನ್ನುವುದಿಲ್ಲ. ಮುಚ್ಚುಮರೆ ಇಲ್ಲದ ಹುಡುಗಿ.

ಆಮೇಲೆ ಹುಡುಗ ನನಗೇ ಇನ್ನೊಮ್ಮೆ ಫೋನ್ ಮಾಡಿದ. ಮಂಡಿ ನೋವಂತೆ. ಬಿಸಿನೀರಿನ ಶಾಖ ಕೊಡು ಎಂದೆ. "ಅವಳಿಗೆ ಹೇಳ್ಲಾ?" ಎಂದು ಕೇಳಿದೆ. "ಬೇಡ ಬಿಡಿ ಅಜ್ಜಿ, ಅವಳಿಗೆ ಮಂಡಿ ಅಂದ್ರೆ ಪಾಠ ನೆನಪಾಗುತ್ತೆ" ಎಂದ. ತಮಾಷೆಯವನು.

ಜನವರಿ ೧೬, ಗುರುವಾರ

ಸಂದರ್ಶನ ಆಯಿತು.

ಬೆಳಕು ಹರಿಯುವಾಗಲೇ ಹೊರಟೆವು. ವೀಸಾ ಕಚೇರಿ ಊರಿನ ಆ ತುದಿಯಲ್ಲಿದೆ. ಸುತ್ತ ಗಾಜು, ನಡುವೆ ತಣ್ಣಗೆ ಗಾಳಿ. ನನ್ನ ಚೀಲದಲ್ಲಿದ್ದ ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನು ಕಂಡು ಕಾವಲಿನವನು ಹಾವು ತುಳಿದವನ ಹಾಗೆ ಹಿಂದೆ ಸರಿದ. "ನಿನ್ನ ಮೀಸೆ ಓರೆಯಾಗಿದೆಯಪ್ಪ, ಸರಿ ಮಾಡಿಕೊಡ್ಲಾ?" ಎಂದೆ. ನನ್ನನ್ನು ಒಳಗೆ ಬಿಡಲಿಲ್ಲ. ಕರೆ ಬಂದವರು ಮಾತ್ರ ಎಂದರು. ಎದುರಿನ ಫುಟ್‌ಪಾತಿನ ಕಟ್ಟೆಯ ಮೇಲೆ ಇವಳ ಚೀಲ, ಫೋನ್, ಬಳೆ ಎಲ್ಲ ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಹಾಗೆ ಇನ್ನೂ ಹಲವರು ಕೂತಿದ್ದರು.

ಹೊರಗೆ ಬಂದಾಗ ಇವಳ ಮುಖದಲ್ಲಿ ಏನೂ ಇರಲಿಲ್ಲ.

"ತಪ್ಪಿತೇನೇ?"

"ಇಲ್ಲ. ಒಂದೂ ತಪ್ಪಲಿಲ್ಲ ಅಜ್ಜಿ. ಎಲ್ಲ ಒಪ್ಪಿಸಿದೆ."

"ಮತ್ತೆ ಮುಖ ಯಾಕೆ ಹೀಗೆ?"

ಚೀಲ ಹೆಗಲಿಗೆ ಹಾಕಿಕೊಂಡು, ಬಳೆ ಒಂದೊಂದಾಗಿ ತೊಟ್ಟುಕೊಳ್ಳುತ್ತಾ ಹೇಳಿದಳು. ಕೆರೆಗೆ ಯಾರು ಯಾರು ಹೋಗಿದ್ದಿರಿ ಎಂದು ಆ ಅಧಿಕಾರಿ ಹೆಂಗಸು ಕೇಳಿದಳಂತೆ. "ನಾವಿಬ್ಬರೇ" ಎಂದಳಂತೆ ಇವಳು. ಆಕೆ ಫೈಲಿನಿಂದ ಕೆರೆಯ ಫೋಟೋ ತೆಗೆದು ಕಿಂಡಿಯ ಗಾಜಿಗೆ ಒತ್ತಿ ಹಿಡಿದು, "ಹಾಗಾದ್ರೆ ಮಧ್ಯದಲ್ಲಿ ಇವರು ಯಾರು?" ಎಂದಳಂತೆ.

ಅಷ್ಟೆಲ್ಲ ಹೊಂದಿಸಿದವಳು, ನಾನೇ ಅಲ್ಲಿ ನಿಂತಿದ್ದೇನೆ ಎಂಬುದನ್ನು ಮರೆತಿದ್ದೆ. ನನ್ನನ್ನೂ ಒಂದು ತಲೆ ಎಂದು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಹೊಳೆಯಲೇ ಇಲ್ಲ.

"ಏನಂದೆ?"

"ಅಜ್ಜಿ ಅಂದೆ. ಆಕೆ ಬರ್ಕೊಂಡ್ರು. ಅದು ಹೋಗ್ಲಿ. ಕೊನೇಲಿ ಪೆನ್ ಕೆಳಗಿಟ್ಟು ಒಂದು ಕೇಳಿದ್ರು. ಒರಟಾಗೇನಲ್ಲ, ಪಾಪ, ಮೆತ್ತಗೇ ಕೇಳಿದ್ರು."

"ಏನು?"

"ಅವ್ರು ಇಲ್ದೇ ಇರೋವಾಗ ನಿಮಗೆ ಯಾವುದು ತುಂಬ ಖಾಲಿ ಅನಿಸುತ್ತೆ ಅಂತ."

"ಏನು ಹೇಳ್ದೆ?"

"ಅದು ನೀನು ಹೇಳಿಕೊಟ್ಟಿರಲಿಲ್ಲ ಅಜ್ಜಿ."

ಬಸ್ಸಿನಲ್ಲಿ ನಿದ್ದೆ ಮಾಡಿದಳು. ನಾನು ಮಾಡಲಿಲ್ಲ.

ಜನವರಿ ೨೮, ಮಂಗಳವಾರ

ಪರಿಶೀಲನೆಯಲ್ಲಿದೆ.

ಫೆಬ್ರವರಿ ೭, ಶುಕ್ರವಾರ

ಪರಿಶೀಲನೆಯಲ್ಲಿದೆ. ಪಕ್ಕದ ಮನೆಯಾಕೆ ಈಗ ಏನೂ ಕೇಳುವುದಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಫೆಬ್ರವರಿ ೨೦, ಗುರುವಾರ

ಆಗಲಿಲ್ಲ.

ಕಾಗದವನ್ನು ಲಗತ್ತಯ್ಯ ಓದಿ ನಮ್ಮ ಮಾತಿನಲ್ಲಿ ಹೇಳಿದ. ಗಂಡಹೆಂಡಿರ ಉತ್ತರಗಳು ಪದಕ್ಕೆ ಪದ ಒಂದೇ ಆಗಿದ್ದು, ಯಾರೋ ಕಲಿಸಿದಂತಿವೆ. ಇಬ್ಬರೇ ಹೋದೆವೆಂದ ಜಾಗದಲ್ಲಿ ಮೂವರಿದ್ದಾರೆ. ಕಲಿಸದ ಒಂದು ಪ್ರಶ್ನೆಗೆ ಇಲ್ಲಿ ಇವಳೂ, ಅಲ್ಲಿ ಅವನೂ ಉತ್ತರ ಕೊಡಲಿಲ್ಲ. ಆದ್ದರಿಂದ ಇದು ನಿಜವಾದ ದಾಂಪತ್ಯವೆಂದು ನಂಬಲು ಆಧಾರವಿಲ್ಲ.

"ಒಂದೇ ಉತ್ತರ ಬಂದ್ರೆ ತಪ್ಪಾ?" ಎಂದು ಕೇಳಿದೆ. "ಬೇರೆ ಬೇರೆ ಬಂದ್ರೂ ತಪ್ಪು, ಒಂದೇ ಬಂದ್ರೂ ತಪ್ಪು. ಹಾಗಾದ್ರೆ ಸರಿ ಅನ್ನೋದು ಎಲ್ಲಿದೆಯಪ್ಪ ಇವರ ಹತ್ರ?"

"ಸ್ವಲ್ಪ ಬೇರೆ ಬೇರೆ ಇರ್ಬೇಕಿತ್ತಮ್ಮ. ಸ್ವಲ್ಪ."

"ಆ ಸ್ವಲ್ಪ ಎಷ್ಟು ಅಂತ ಬರೆದಿದಾರಾ ಎಲ್ಲಾದ್ರೂ?"

ಅವನು ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡ. ಮೊಮ್ಮಗಳು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು "ಬಾ ಅಜ್ಜಿ, ಅಂಗಡಿಗೆ ಹೊತ್ತಾಗುತ್ತೆ" ಎಂದಳು. ನನ್ನನ್ನು ಬೈದಿದ್ದರೆ ನನಗೂ ಎರಡು ಮಾತಾಡಲು ಬರುತ್ತಿತ್ತು.

ಫೆಬ್ರವರಿ ೨೩, ಭಾನುವಾರ

ಹುಡುಗ ಫೋನ್ ಮಾಡಿದ. "ನಿಮ್ಮ ತಪ್ಪೇನಿಲ್ಲ ಅಜ್ಜಿ" ಎಂದ. ತಪ್ಪು ಎಂದು ನಾನು ಯಾವಾಗ ಹೇಳಿದೆ? ಫೋನ್ ಇಟ್ಟ ಮೇಲೆ ಒಂದು ಜಿಪ್ಪನ್ನು ತಲೆಕೆಳಗಾಗಿ ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ.

ಮಾರ್ಚ್ ೯, ಭಾನುವಾರ

ಇನ್ನೊಂದು ದಾರಿ ಇದೆಯಂತೆ. ತಿಂಗಳ ಕೊನೆಯೊಳಗೆ ಮೇಲ್ಮನವಿ ಹಾಕಬಹುದು. ಅದರ ಜೊತೆ ಗಂಡ ಒಂದು, ಹೆಂಡತಿ ಒಂದು ಪತ್ರ ಬರೆಯಬೇಕು. ತಮ್ಮ ಸಂಸಾರದ ಬಗ್ಗೆ, ತಮ್ಮದೇ ಮಾತಿನಲ್ಲಿ, ಯಾರ ಸಹಾಯವೂ ಇಲ್ಲದೆ. "ಅಮ್ಮಾ, ನೀವು ದಯವಿಟ್ಟು ಸುಮ್ಮನಿರಿ" ಎಂದು ಲಗತ್ತಯ್ಯ ಕೈ ಮುಗಿದ.

ಸುಮ್ಮನಿದ್ದೆ. ಮಿಷನನ್ನೂ ತುಳಿಯಲಿಲ್ಲ. ಇವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಬರೆದಳು, ಹೊಡೆದು ಹಾಕಿದಳು, ಬರೆದಳು. ಮಧ್ಯಾಹ್ನ ಕಳೆದ ಮೇಲೆ ತಂದು ನನ್ನ ಮುಂದೆ ಹಿಡಿದಳು.

"ನನ್ನ ಪತಿ ತಾಳ್ಮೆಯುಳ್ಳವರು. ಅವರು ಮುಂಜಾನೆ ಎದ್ದು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾರೆ."

"ಇದು ನಾನು ಹೇಳಿಕೊಟ್ಟದ್ದು."

"ಗೊತ್ತು. ಬೇರೇನೂ ಬರ್ತಾ ಇಲ್ಲ."

"ಫೋನಲ್ಲಿ ಅಷ್ಟೊಂದು ಹರಟ್ತಿದ್ರಲ್ಲೇ, ಅದನ್ನೇ ಬರಿ."

"ಏನ್ ಹರಟ್ತಿದ್ವಿ ಅಜ್ಜಿ?"

ಕುಹಕಕ್ಕೆ ಕೇಳಿದಳು ಎಂದುಕೊಂಡು ಮುಖ ನೋಡಿದೆ. ಅಲ್ಲ, ನಿಜವಾಗಿಯೇ ಕೇಳುತ್ತಿದ್ದಳು. ಮೇಲೆ ಹೋಗಿ ಮಾತಾಡಿದ್ದು ನನಗೆ ಹೇಗೆ ಗೊತ್ತಿರಬೇಕು?

ಸಂಜೆ ಅವನದೂ ಬಂತು. "ನನ್ನ ಪತ್ನಿ ತಾಳ್ಮೆಯುಳ್ಳವಳು" ಎಂದು ಶುರುವಾಗಿತ್ತು. ಕೆಳಗೆ ಬೇರೆಯಾಗಿ ಬರೆದಿದ್ದ: "ಅಜ್ಜಿ, ಕ್ಷಮಿಸಿ. ಕಣ್ಣು ಮುಚ್ಚಿದ್ರೆ ಪ್ರಶ್ನೆಗಳೇ ಬರ್ತಾವೆ." ಇವಳಿಗೆ ಓದಿ ಹೇಳಿದೆ. ಇವಳು "ಹೌದಾ" ಎಂದಳು.

ಮಾರ್ಚ್ ೩೧, ಸೋಮವಾರ

ಇವತ್ತು ಕೊನೆಯ ದಿನವಿತ್ತು. ಇಬ್ಬರಲ್ಲಿ ಒಬ್ಬರಾದರೂ ಕಳಿಸಬಹುದು ಎಂದು ಕಾದೆ. ಇವಳು ಅಂಗಡಿಯಿಂದ ಬಂದು, ಊಟ ಮಾಡಿ, ತಟ್ಟೆ ತೊಳೆದಿಟ್ಟಳು. ನಾಳೆಯಿಂದ ಅಂಗಡಿಯ ಹೊಸ ಶಾಖೆಗೆ ಇವಳನ್ನೇ ಹಾಕಿದ್ದಾರಂತೆ, ಬೇಗ ಹೊರಡಬೇಕಂತೆ.

"ಪತ್ರ?" ಎಂದೆ.

"ಸುಳ್ಳು ಬೇಡ ಅಜ್ಜಿ" ಎಂದಳು.

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಸಕ್ಕರೆಯಿಲ್ಲದ ಚಹಾ ನಿಜ. ತಾಳ್ಮೆಯೂ ನಿಜ. ನಾನೇ ಒಂದೊಂದನ್ನೂ ಕೇಳಿ ತಿಳಿದದ್ದು. ಹೇಳಬೇಕೆಂದು ಬಾಯಿ ತೆರೆದೆ. ಅವಳು ಆಗಲೇ ದೀಪ ಆರಿಸಿದ್ದಳು.

ಏಪ್ರಿಲ್ ೨೭, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ಇವತ್ತು ಹುಡುಗ ನನ್ನ ಫೋನಿಗೆ ಮಾಡಿದ್ದ. ಭಾನುವಾರ ಮಾಡುವುದು ರೂಢಿಯಾಗಿಬಿಟ್ಟಿದೆ. ಹೊಸ ಕಟ್ಟಡದಲ್ಲಿ ಕೆಲಸವಂತೆ, ಬೂಟು ಕಚ್ಚುತ್ತದಂತೆ. ಹಿಮ್ಮಡಿಗೆ ಮೆತ್ತನೆಯ ಬಟ್ಟೆ ಇಡು ಎಂದೆ. ನನ್ನ ಮಿಷನ್ ಬೆಲ್ಟ್ ಸಡಿಲವಾಗಿ ಜಾರುತ್ತಿದೆ ಎಂದೆ. ಹೇಗೆ ಬಿಗಿ ಮಾಡುವುದೆಂದು ಅಲ್ಲಿಂದಲೇ ಹೇಳಿಕೊಟ್ಟ. ಅವನು ಹೇಳಿದ ಹಾಗೆ ತಿರುಪಿದೆ, ಸರಿಹೋಯಿತು. ಒಳ್ಳೆಯ ಕೈ ಆ ಮಗುವಿನದು.

ಇವಳು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವನಿಗೆ ಟವೆಲ್ಲು ಕೊಡವಿದ ಸದ್ದು ಕೇಳಿಸಿರಬೇಕು. ಮಾತು ನಿಲ್ಲಿಸಿದ. ಆಮೇಲೆ ಕೇಳಿದ.

"ಚೆನ್ನಾಗಿದ್ದಾಳಾ ಅಜ್ಜಿ?"

"ಹೂಂ" ಎಂದೆ. "ಕೊಡ್ಲಾ?"

"ಬೇಡ, ಕೆಲಸ ಇದ್ದೀತು ಅವಳಿಗೆ."

ಫೋನ್ ಇಟ್ಟೆ. ಇವಳು ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಿದ್ದಳು. ಬಾಚಣಿಗೆ ಕೂದಲಲ್ಲೇ ನಿಂತಿತ್ತು.

"ಚೆನ್ನಾಗಿದಾರಂತಾ ಅಜ್ಜಿ?"

"ಹೂಂ" ಎಂದೆ.

ಅವಳು ಬೈತಲೆ ತೆಗೆದು, ಜಡೆ ಹೆಣೆದುಕೊಂಡು, ತಾರಸಿಯಲ್ಲಿ ಒಣಗಿದ ಬಟ್ಟೆ ತರಲು ಹೋದಳು.